ಆಸ್ಪತ್ರೆ ನಾಲ್ಕು ಗಂಟೆ ದೂರ: ಹಾವು ಕಚ್ಚಿದವರನ್ನು ಅಲ್ಲಿಯವರೆಗೆ ಉಳಿಸಿಕೊಳ್ಳುವುದು ಹೇಗೆ?

ದೂರದ ದಾದಿ (ಚರ್ಚೆ ಆರಂಭಿಸಿದವರು)

ಹನ್ನೊಂದು ವರ್ಷದಿಂದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ವೈದ್ಯರು ವಾರಕ್ಕೆ ಎರಡು ದಿನ ಬರುತ್ತಾರೆ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ರಸ್ತೆ ಒಣಗಿದ್ದರೆ ನಾಲ್ಕು ಗಂಟೆ. ಮಳೆ ಹಿಡಿದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು.

ಕಳೆದ ತಿಂಗಳು ಬೆಳಗಿನ ಜಾವ ಹದಿನಾರು ವರ್ಷದ ಹುಡುಗನೊಬ್ಬನನ್ನು ಕರೆತಂದರು. ರಾತ್ರಿ ನೆಲದ ಮೇಲೆ ಮಲಗಿದ್ದನಂತೆ, ಹೊಟ್ಟೆನೋವೆಂದು ಎದ್ದನಂತೆ. ಮೈಮೇಲೆ ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ. ಹೊಟ್ಟೆನೋವಿಗೆ ಮಾತ್ರೆ ಕೊಟ್ಟು ಮಲಗಿಸಿದೆ. ಒಂದೂವರೆ ಗಂಟೆ ಕಳೆದ ಮೇಲೆ ಅವನ ತಾಯಿ ಬಂದು, 'ಕಣ್ಣು ತೆರೆಯುತ್ತಿಲ್ಲ ಸಿಸ್ಟರ್, ನಿದ್ದೆ ಹತ್ತಿತೇನೋ' ಎಂದರು. ಹೋಗಿ ನೋಡಿದರೆ ಅದು ನಿದ್ದೆಯಲ್ಲ. ಎರಡೂ ರೆಪ್ಪೆ ಜೋತುಬಿದ್ದಿದ್ದವು, ಹುಡುಗ ಪೂರ್ತಿ ಎಚ್ಚರವಾಗಿದ್ದ. ಗಾಡಿ ಬರುವ ಹೊತ್ತಿಗೆ ಮಾತು ತೊದಲುತ್ತಿತ್ತು, ಎಂಜಲು ನುಂಗಲಾಗುತ್ತಿರಲಿಲ್ಲ. ಕೇಂದ್ರದಲ್ಲಿ ಹೆರಿಗೆಯೊಂದು ನಡೆಯುತ್ತಿದ್ದರಿಂದ ನಾನು ಜೊತೆಗೆ ಹೋಗಲಾಗಲಿಲ್ಲ. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಗಾಡಿಯಲ್ಲಿ ಇರಲಿಲ್ಲ. ಹುಡುಗ ಉಳಿಯಲಿಲ್ಲ.

ಸಮಾಧಾನದ ಮಾತಿಗಾಗಿ ಇಲ್ಲಿ ಬರೆಯುತ್ತಿಲ್ಲ. ನಮ್ಮಲ್ಲಿ ಹತ್ತು ವಯಲ್ ಪ್ರತಿವಿಷವಿದೆ, ಡ್ರಿಪ್ ಹಾಕಬಲ್ಲೆ, ಆಮ್ಲಜನಕದ ಒಂದು ಸಿಲಿಂಡರ್ ಇದೆ. ಇಷ್ಟೇ ಇರುವ ಕಡೆ, ಮುಂದಿನವರು ಬಂದಾಗ ಆ ನಾಲ್ಕು ಗಂಟೆಯಲ್ಲಿ ಏನೇನು ಮಾಡಬಹುದು? ಇಂಥ ಜಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ.

ತುರ್ತು ವಿಭಾಗದ ವೈದ್ಯ

ಸಿಸ್ಟರ್, ನೀವು ವಿವರಿಸಿದ್ದು ಕಟ್ಟುಹಾವಿನ, ಅಂದರೆ ಕ್ರೇಟ್‌ನ ಕಡಿತವನ್ನು ಬಹುಮಟ್ಟಿಗೆ ಹೋಲುತ್ತದೆ. ಅದು ರಾತ್ರಿ ಹೊತ್ತು ಮಲಗಿದವರನ್ನೇ ಕಚ್ಚುತ್ತದೆ. ಹಲ್ಲು ಸಣ್ಣದು, ನೋವು ಕಡಿಮೆ, ಎಷ್ಟೋ ಸಲ ಗುರುತೇ ಕಾಣುವುದಿಲ್ಲ. ಕಚ್ಚಿದ್ದು ಗೊತ್ತಾಗದೆ ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಬರುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲೂ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಗೆ ಕಳಿಸಿದ್ದನ್ನು ಕಂಡಿದ್ದೇನೆ. ಇನ್ನು ಮುಂದೆ ನೆಲದ ಮೇಲೆ ಮಲಗಿದವರು ಕಾರಣ ತಿಳಿಯದ ಹೊಟ್ಟೆನೋವೆಂದು ಬಂದರೆ ಮೊದಲು ರೆಪ್ಪೆ ನೋಡಿ. ತಲೆ ಅಲುಗಿಸದೆ ಮೇಲಕ್ಕೆ ದಿಟ್ಟಿಸಲು ಹೇಳಿ. ನಾಲಿಗೆ ಪೂರ್ತಿ ಹೊರಚಾಚಲು ಹೇಳಿ. ಮಲಗಿದಲ್ಲಿಂದ ದಿಂಬಿನ ಆಸರೆಯಿಲ್ಲದೆ ತಲೆ ಎತ್ತಿಸಿ. ಆಮೇಲೆ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ನೋಡಿ, ಬರೆದಿಡಿ, 15 ನಿಮಿಷಕ್ಕೊಮ್ಮೆ ಮತ್ತೆ ಎಣಿಸಿ. ಮೊದಲು 30ರ ತನಕ ಹೋಗುತ್ತಿದ್ದವರು 20ಕ್ಕೆ, 15ಕ್ಕೆ ಇಳಿಯುತ್ತಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ಬೆರಳಿಗೆ ಹಾಕುವ ಆಕ್ಸಿಮೀಟರ್ ಆ ಹೊತ್ತಿಗೆ ಇನ್ನೂ 97, 98 ತೋರಿಸುತ್ತಿರಬಹುದು. ಅದನ್ನು ನಂಬಿ ಕೂರಬೇಡಿ.

ಇನ್ನೊಂದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಈ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಒಮ್ಮೆ ಹಾಳಾದ ಮೇಲೆ ಎಷ್ಟು ಪ್ರತಿವಿಷ ಸುರಿದರೂ ಅದು ಕೂಡಲೇ ಸರಿಹೋಗುವುದಿಲ್ಲ, ನರ ತಾನಾಗಿ ಚಿಗುರಬೇಕು, ಅದಕ್ಕೆ ದಿನಗಳು ಬೇಕು. ಪ್ರತಿವಿಷ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಆ ಹುಡುಗನನ್ನು ಉಳಿಸಬಹುದಾಗಿದ್ದದ್ದು ಯಾರಾದರೂ ಅವನ ಪರವಾಗಿ ಉಸಿರಾಡಿದ್ದರೆ. ನಿಮ್ಮ ಪಟ್ಟಿಯಲ್ಲಿ ಪ್ರತಿವಿಷವಿದೆ, ಆಮ್ಲಜನಕವಿದೆ, ಆಂಬು ಬ್ಯಾಗ್ ಇಲ್ಲ. ಉಸಿರಾಡದವರಿಗೆ ಸಿಲಿಂಡರ್ ಏನೂ ಮಾಡಲಾರದು. ಬ್ಯಾಗ್ ಮತ್ತು ಮಾಸ್ಕ್ ತರಿಸಿ, ದೊಡ್ಡವರದ್ದೂ ಮಕ್ಕಳದ್ದೂ. ಒಂದು ಸೆಟ್ ಕೇಂದ್ರದಲ್ಲಿ, ಒಂದು ಗಾಡಿಯಲ್ಲಿ.

ರಾತ್ರಿ ಪಾಳಿ (ಆಂಬುಲೆನ್ಸ್ ಚಾಲಕ)

ಡಾಕ್ಟ್ರು ಹೇಳಿದ್ದಕ್ಕೆ ನಾನು ಕಣ್ಣಾರೆ ಕಂಡಿದ್ದನ್ನು ಸೇರಿಸುತ್ತೇನೆ.

ಮೂರು ವರ್ಷದ ಹಿಂದೆ ಒಬ್ಬ ಹೆಂಗಸನ್ನು ಕರೆದೊಯ್ಯುತ್ತಿದ್ದೆವು, ಇದೇ ತರಹದ ಕಡಿತ. ಹೊರಟು ಅರ್ಧ ಗಂಟೆಗೆ ಉಸಿರು ನಿಂತಿತು. ನಮ್ಮ ತಂತ್ರಜ್ಞ ಹುಡುಗ ಬ್ಯಾಗ್ ಒತ್ತಲು ಶುರುಮಾಡಿದ. ಇಪ್ಪತ್ತು ನಿಮಿಷಕ್ಕೆ ಅವನ ಕೈ ಸೋತಿತು, ಗಾಡಿ ಕುಲುಕಾಟಕ್ಕೆ ಮಾಸ್ಕ್ ಜಾರುತ್ತಿತ್ತು. ಆಗ ಅವನು ಆಕೆಯ ಗಂಡನನ್ನು, ತಮ್ಮನನ್ನು ಹತ್ತಿರ ಕೂರಿಸಿ ಕಲಿಸಿದ. ಒಬ್ಬ ಎರಡೂ ಕೈಯಲ್ಲಿ ಗದ್ದ ಎತ್ತಿ ಮಾಸ್ಕ್ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ಬ್ಯಾಗ್ ಒತ್ತಬೇಕು. 'ಒಂದು, ಎರಡು, ಮೂರು, ನಾಲ್ಕು, ಐದು, ಒತ್ತು. ಎದೆ ಏಳುವುದನ್ನು ನೋಡು. ಎದ್ದರೆ ಸಾಕು, ಜೋರಾಗಿ ಒತ್ತಬೇಡ.' ಮೂರು ಗಂಟೆ ಹತ್ತು ನಿಮಿಷ ಆ ಎಣಿಕೆ ನನ್ನ ಬೆನ್ನ ಹಿಂದೆ ನಡೆಯುತ್ತಲೇ ಇತ್ತು. ಒಮ್ಮೆ ಗಾಡಿ ನಿಲ್ಲಿಸಿ ಬಾಯಿಯಲ್ಲಿದ್ದ ಎಂಜಲು ಹೀರಿ ತೆಗೆಸಿದೆವು, ಅಷ್ಟೇ.

ಆಸ್ಪತ್ರೆಯಲ್ಲಿ ಆರು ದಿನ ವೆಂಟಿಲೇಟರ್. ಏಳನೇ ದಿನ ಆಕೆ ತಾನೇ ಉಸಿರಾಡಿದರು. ನಾನು ನೋಡಲು ಹೋದಾಗ ಆಕೆ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ: 'ಗಾಡಿಯಲ್ಲಿ ಎಲ್ಲ ಕೇಳಿಸುತ್ತಿತ್ತು ಅಣ್ಣ. ಯಾರೋ ಮುಗೀತು ಅಂದರು. ಮುಗಿದಿಲ್ಲ ಅಂತ ಕೂಗಬೇಕು ಅನ್ನಿಸಿತು, ರೆಪ್ಪೆ ಅಲುಗಿಸಲೂ ಆಗಲಿಲ್ಲ.'

ತುರ್ತು ವಿಭಾಗದ ವೈದ್ಯ

ಈ ಕೊನೆಯ ಮಾತನ್ನು ಎಲ್ಲರೂ ಎರಡು ಸಲ ಓದಬೇಕು. ಕಟ್ಟುಹಾವಿನ ವಿಷದಲ್ಲಿ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದೆ ನಿಲ್ಲಬಹುದು, ಮೈಯೆಲ್ಲ ಸಡಿಲವಾಗಬಹುದು, ನೋಡಿದವರಿಗೆ ಮಿದುಳು ಸತ್ತಂತೆ ಕಾಣಬಹುದು. ಒಳಗೆ ಮನುಷ್ಯ ಎಚ್ಚರವಾಗಿರುತ್ತಾನೆ. ಪಾಪೆ ನೋಡಿ ಕೈಬಿಡಬಾರದು. ಅವರೊಂದಿಗೆ ಮಾತಾಡುತ್ತಿರಬೇಕು, ಏನು ಮಾಡುತ್ತಿದ್ದೇವೆಂದು ಹೇಳುತ್ತಿರಬೇಕು. ಯಂತ್ರವಿಲ್ಲದ ಕಡೆ ಕೈಯಿಂದಲೇ ಬ್ಯಾಗ್ ಒತ್ತಿ, ಮನೆಯವರೂ ಸೇರಿ ಸರದಿಯ ಮೇಲೆ ಉಸಿರು ಕೊಟ್ಟು ಉಳಿಸಿಕೊಂಡದ್ದುಂಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗಸೂಚಿಯೇ ಹೇಳುತ್ತದೆ.

ಶಾಲಾ ಶಿಕ್ಷಕಿ

ನಾನು ವೈದ್ಯಕೀಯದವಳಲ್ಲ. ಮಕ್ಕಳಿಗೆ ಹೇಳಿಕೊಡಲು ಕೇಳುತ್ತಿದ್ದೇನೆ. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯಬೇಕು, ಬ್ಲೇಡಿನಿಂದ ಕೊಯ್ದು ರಕ್ತ ಹರಿಸಬೇಕು ಎಂದು ನಾವು ಓದಿದ್ದೆವು. ಈಗ ಬೇಡ ಎನ್ನುತ್ತಾರೆ. ಯಾವುದು ಸರಿ?

ಬೆರಳು ಕಳಕೊಂಡವನು

ಮೇಡಂ, ನಾನು ಉತ್ತರಿಸುತ್ತೇನೆ. ಒಂಬತ್ತು ವರ್ಷದ ಹಿಂದೆ ಗರಗಸಮಂಡಲ ಎಡಗೈ ಉಂಗುರಬೆರಳಿಗೆ ಕಚ್ಚಿತು. ಜೊತೆಗಿದ್ದವರು ಮುಂಗೈಗೆ ಹಗ್ಗ ಬಿಗಿದರು, ಬೆರಳನ್ನು ಕೊಯ್ದರು. ಪ್ರೀತಿಯಿಂದಲೇ ಮಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಯ್ದ ಗಾಯದಿಂದ ರಕ್ತ ನಿಲ್ಲಲೇ ಇಲ್ಲ, ಏಕೆಂದರೆ ಆ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಹಗ್ಗ ಐದು ಗಂಟೆ ಹಾಗೇ ಇತ್ತು. ಉಂಗುರ ತೆಗೆಯುವುದು ಯಾರಿಗೂ ಹೊಳೆಯಲಿಲ್ಲ, ಊತದೊಳಗೆ ಅದು ಹೂತುಹೋಯಿತು. ಪ್ರತಿವಿಷ ಜೀವ ಉಳಿಸಿತು, ಬೆರಳು ಉಳಿಯಲಿಲ್ಲ. ಬೆರಳು ಹೋದದ್ದರಲ್ಲಿ ವಿಷದ ಪಾಲೆಷ್ಟು, ಹಗ್ಗದ ಪಾಲೆಷ್ಟು ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿದೆ. 'ಹಗ್ಗ ಮತ್ತು ಉಂಗುರ ಇಲ್ಲದಿದ್ದರೆ ಬಹುಶಃ ಉಳಿಯುತ್ತಿತ್ತು' ಎಂದರು.

ಮಕ್ಕಳಿಗೆ ಇಷ್ಟು ಹೇಳಿ: ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ ಕೂಡಲೇ ಬಿಚ್ಚಬೇಕು. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದವರಿಗೆ ಕಟ್ಟುವಂತೆ ಗಟ್ಟಿಯಾದ ಮರದ ಪಟ್ಟಿ ಇಟ್ಟು ಕಟ್ಟಿ ಅಲುಗದಂತೆ ಮಾಡಬೇಕು. ಓಡಬಾರದು, ನಡೆಯಲೂ ಬಾರದು, ಯಾರಾದರೂ ಹೊತ್ತೊಯ್ಯಬೇಕು. ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು, ಮಂಜುಗಡ್ಡೆ ಇಡಬಾರದು, ಏನನ್ನೂ ಹಚ್ಚಬಾರದು.

ತುರ್ತು ವಿಭಾಗದ ವೈದ್ಯ

ಇದಕ್ಕೆ ಒಂದು ಮಾತು ಸೇರಿಸಬೇಕು, ಸಿಸ್ಟರ್‌ಗೆ ಬೇಕಾಗುತ್ತದೆ. ಹಗ್ಗ ಬಿಗಿದುಕೊಂಡೇ ಬಂದವರ ಹಗ್ಗವನ್ನು ಬಾಗಿಲಲ್ಲೇ ಕತ್ತರಿಸಬೇಡಿ. ಕೆಳಗೆ ತಡೆದು ನಿಂತಿದ್ದ ವಿಷ ಒಮ್ಮೆಲೇ ಮೇಲೇರಿ, ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಬಹುದು, ಉಸಿರು ನಿಲ್ಲಬಹುದು. ಮೊದಲು ಡ್ರಿಪ್‌ಗೆ ಸೂಜಿ ಹಾಕಿ, ಬ್ಯಾಗ್ ಪಕ್ಕದಲ್ಲಿಟ್ಟುಕೊಳ್ಳಿ. ವಿಷದ ಲಕ್ಷಣವಿದ್ದರೆ ಪ್ರತಿವಿಷ ಶುರುಮಾಡಿ. ಆಮೇಲೆ ನಿಧಾನವಾಗಿ ಸಡಿಲಿಸಿ.

ಕಾಡು ಕಾವಲು

ಒಂದು ಆಕ್ಷೇಪ ಸರ್. 'ಏನೂ ಬಿಗಿಯಬೇಡಿ' ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ 1979ರಿಂದಲೂ ಇಡೀ ಕೈಕಾಲಿಗೆ ಅಗಲವಾದ ಎಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಮರದ ಪಟ್ಟಿ ಕಟ್ಟಿ ಅಲುಗದಂತೆ ಮಾಡುತ್ತಾರೆ. ಸ್ಟ್ರುವಾನ್ ಸದರ್ಲೆಂಡ್ ಎಂಬ ವೈದ್ಯವಿಜ್ಞಾನಿ ತೋರಿಸಿಕೊಟ್ಟ ವಿಧಾನ ಅದು. ವಿಷ ಹೆಚ್ಚಾಗಿ ದುಗ್ಧನಾಳಗಳ ಮೂಲಕ ಮೇಲೇರುತ್ತದೆ, ಅದನ್ನು ನಿಧಾನಿಸಬಹುದು. ನಾವು ಅರಣ್ಯದೊಳಗೆ ಎರಡು ದಿನದ ನಡಿಗೆಯಷ್ಟು ದೂರದಲ್ಲಿರುತ್ತೇವೆ. ನಮಗೆ ಆ ಪಟ್ಟಿ ದೊಡ್ಡ ಆಸರೆ.

ತುರ್ತು ವಿಭಾಗದ ವೈದ್ಯ

ನಿಮ್ಮ ಆಕ್ಷೇಪ ಒಪ್ಪತಕ್ಕದ್ದೇ. ನಾವು ಇಲ್ಲಿ ಬೇಡವೆಂದದ್ದು ಹಗ್ಗ, ದಾರದಂಥ ಬಿಗಿಕಟ್ಟನ್ನು. ಆದರೆ ಪಟ್ಟಿ ಸುತ್ತುವುದು ಎಲ್ಲ ಹಾವಿಗೂ ಹೊಂದುವುದಿಲ್ಲ. ಆಸ್ಟ್ರೇಲಿಯಾದ ಮುಖ್ಯ ವಿಷದ ಹಾವುಗಳು ನಾಗರ ಮತ್ತು ಕಟ್ಟುಹಾವಿನ ಕುಟುಂಬಕ್ಕೇ ಸೇರಿದವು. ಕಚ್ಚಿದ ಜಾಗವನ್ನು ಕೊಳೆಸುವುದಕ್ಕಿಂತ ಪಾರ್ಶ್ವವಾಯು ಮತ್ತು ರಕ್ತಸ್ರಾವವೇ ಅಲ್ಲಿ ದೊಡ್ಡ ಅಪಾಯ. ಮಂಡಲದ ಹಾವುಗಳ ವಿಷ ಕಚ್ಚಿದಲ್ಲೇ ಮಾಂಸವನ್ನು ಕರಗಿಸುತ್ತದೆ, ಬಲವಾಗಿ ಊದುತ್ತದೆ. ಅದನ್ನು ಪಟ್ಟಿಯೊಳಗೆ ಕೂಡಿಹಾಕಿದರೆ ಕೈಕಾಲಿಗೆ ಹಾನಿ ಹೆಚ್ಚಬಹುದು. ಸ್ಥಳೀಯವಾಗಿ ಕೊಳೆಸುವ ಕೆಲವು ನಾಗರಹಾವುಗಳಿಗೂ ಇದೇ ಮಾತು.

ಎರಡನೆಯದು ಒತ್ತಡ. ತೀರ ಸಡಿಲವಾದರೆ ಉಪಯೋಗವಿಲ್ಲ, ತೀರ ಬಿಗಿಯಾದರೆ ಅದೇ ಹಗ್ಗವಾಗುತ್ತದೆ. ಅಭ್ಯಾಸವಿಲ್ಲದವರ ಕೈಯಲ್ಲಿ ಇದು ಸರಿಯಾಗಿ ಬರುವುದಿಲ್ಲ. ನಿಮ್ಮ ತಂಡ ಆಗಾಗ ಅಭ್ಯಾಸ ಮಾಡುತ್ತಿದ್ದರೆ, ಕಚ್ಚಿದ್ದು ನರವಿಷದ ಹಾವು ಎಂಬ ಖಚಿತತೆ ಇದ್ದರೆ, ಎರಡು ದಿನದ ದೂರದಲ್ಲಿ ನಾನೂ ಸುತ್ತುತ್ತೇನೆ. ಹಾವು ಯಾವುದೆಂದು ತಿಳಿಯದೆ, ಕೈಕಾಲು ಊದುತ್ತಿದ್ದರೆ ಎಲಾಸ್ಟಿಕ್ ಸುತ್ತದೆ ಬರೀ ಮರದ ಪಟ್ಟಿ ಕಟ್ಟಿ ಅಲುಗದಂತೆ ಮಾಡುತ್ತೇನೆ.

ದೂರದ ದಾದಿ

ತುಂಬಾ ಉಪಕಾರವಾಗುತ್ತಿದೆ. ಈಗ ನನ್ನ ನಿಜವಾದ ಭಯ ಹೇಳುತ್ತೇನೆ. ಪ್ರತಿವಿಷ ನಮ್ಮಲ್ಲಿದ್ದರೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊಟ್ಟಿಲ್ಲ. 'ರಿಯಾಕ್ಷನ್ ಆದರೆ ನೀವೇ ಜವಾಬ್ದಾರರು, ಸುಮ್ಮನೆ ಮುಂದಕ್ಕೆ ಕಳಿಸಿ' ಎಂದು ತರಬೇತಿಯಲ್ಲಿ ಹೇಳಿದ್ದರು. ಪ್ರತಿವಿಷ ಕೊಟ್ಟು ಕಳಿಸಬೇಕೇ, ಕೊಡದೆ ಕಳಿಸಬೇಕೇ? ಯಾರಿಗೆ ಕೊಡಬೇಕು, ಯಾರಿಗೆ ಬೇಡ?

ತುರ್ತು ವಿಭಾಗದ ವೈದ್ಯ

ನಾಲ್ಕು ಗಂಟೆ ದೂರವಿದ್ದರೆ ಕೊಟ್ಟೇ ಕಳಿಸಬೇಕು. ಲಕ್ಷಣ ಇದ್ದವರಿಗೆ. ಇದರಲ್ಲಿ ನನಗೆ ಸಂಶಯವಿಲ್ಲ. 'ಸುಮ್ಮನೆ ಮುಂದಕ್ಕೆ ಕಳಿಸಿ' ಎನ್ನುವುದು ರೋಗಿಯ ನಾಲ್ಕು ಗಂಟೆಯನ್ನು ವಿಷಕ್ಕೆ ಬಿಟ್ಟುಕೊಟ್ಟಂತೆ.

ಹಾವು ಕಚ್ಚಿದ ಮಾತ್ರಕ್ಕೆ ಪ್ರತಿವಿಷ ಬೇಡ. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಇಳಿಸಿರುವುದಿಲ್ಲ. ಲಕ್ಷಣವಿಲ್ಲದವರನ್ನು ಹತ್ತಿರದಲ್ಲಿಟ್ಟುಕೊಂಡು 24 ಗಂಟೆ ನೋಡಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ, ಹರಡುವ ವೇಗ ಗೊತ್ತಾಗುತ್ತದೆ. ರೆಪ್ಪೆ ಜೋಲುವುದು, ನುಂಗಲಾಗದಿರುವುದು, ವಸಡಿನಲ್ಲಿ ಅಥವಾ ಸೂಜಿ ಚುಚ್ಚಿದಲ್ಲಿ ನಿಲ್ಲದ ರಕ್ತ, ರಕ್ತದೊತ್ತಡ ಕುಸಿಯುವುದು, ಕಪ್ಪು ಚಹಾದ ಬಣ್ಣದ ಮೂತ್ರ, ಕೆಲವೇ ಗಂಟೆಯಲ್ಲಿ ಕೈಕಾಲಿನ ಅರ್ಧಕ್ಕಿಂತ ಮೇಲೇರುವ ಊತ: ಇವುಗಳಲ್ಲಿ ಒಂದಿದ್ದರೂ ಕೊಡಬೇಕು.

ರಕ್ತಕ್ಕೆ ವಿಷ ತಾಗಿದೆಯೇ ಎಂದು ತಿಳಿಯಲು ನಿಮಗೆ ಪ್ರಯೋಗಾಲಯ ಬೇಕಿಲ್ಲ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಮುಟ್ಟದೆ ನಿಲ್ಲಿಸಿ, ಒಂದೇ ಸಲ ಓರೆ ಮಾಡಿ. ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಪ್ರತಿವಿಷ ಬೇಕು. ಟ್ಯೂಬ್ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ಕಿನಲ್ಲಿ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಮೋಸವಾಗುತ್ತದೆ. ಸಂಶಯ ಬಂದರೆ ಪಕ್ಕದಲ್ಲಿ ನಿಮ್ಮದೇ 2 ಮಿ.ಲೀ. ರಕ್ತ ಇಟ್ಟು ಹೋಲಿಸಿ. ಪ್ರತಿವಿಷ ಕೊಟ್ಟ ಮೇಲೆ ಈ ಪರೀಕ್ಷೆಯನ್ನು 6 ಗಂಟೆಯ ನಂತರವೇ ಮತ್ತೆ ಮಾಡಬೇಕು. ಕಳೆದುಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಇನ್ನು ರಿಯಾಕ್ಷನ್. ಕುದುರೆಯ ರಕ್ತದಿಂದ ತೆಗೆದ ಔಷಧ, ಆಗುತ್ತದೆ. ಹೆಚ್ಚಾಗಿ 10 ನಿಮಿಷದಿಂದ 3 ಗಂಟೆಯೊಳಗೆ: ಮೈ ಕೆರೆತ, ದದ್ದು, ವಾಂತಿ, ಎದೆ ಬಿಗಿತ, ಒತ್ತಡ ಕುಸಿತ. ಮದ್ದು ಅಡ್ರಿನಲಿನ್. ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ. ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ರೋಗಿ ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರುಮಾಡಬೇಕು. ಪ್ರತಿವಿಷದ ಡ್ರಿಪ್ ಹಾಕುವ ಮುನ್ನವೇ ಅಡ್ರಿನಲಿನ್ ಸಿರಿಂಜಿಗೆ ಎಳೆದು ತಲೆದೆಸೆಯಲ್ಲಿ ಇಟ್ಟಿರಿ. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿವಿಷಕ್ಕೆ ಮೊದಲೇ 0.25 ಮಿ.ಗ್ರಾಂ ಅಡ್ರಿನಲಿನ್ ಚರ್ಮದಡಿಗೆ ಕೊಟ್ಟಾಗ ತೀವ್ರ ರಿಯಾಕ್ಷನ್‌ಗಳು ಗಮನಾರ್ಹವಾಗಿ ಕಡಿಮೆಯಾದವು. ಅಲರ್ಜಿಗೆ ಕೊಡುವ ಹೈಡ್ರೊಕಾರ್ಟಿಸೋನ್, ಪ್ರೊಮೆಥಜೀನ್‌ಗಳಿಂದ ಆ ಲಾಭ ಕಾಣಲಿಲ್ಲ. ಚರ್ಮಕ್ಕೆ ಚುಚ್ಚಿ ನೋಡುವ 'ಟೆಸ್ಟ್ ಡೋಸ್' ಬೇಡ. ಅದು ಯಾರಿಗೆ ರಿಯಾಕ್ಷನ್ ಆಗುತ್ತದೆಂದು ಹೇಳುವುದಿಲ್ಲ, ಹೊತ್ತು ಮಾತ್ರ ತಿನ್ನುತ್ತದೆ.

ಮಕ್ಕಳಿಗೆ ಪ್ರತಿವಿಷ ಕಡಿಮೆ ಮಾಡಬೇಡಿ. ಹಾವು ಮಗುವೆಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲ. ಗರ್ಭಿಣಿಯರಿಗೂ ಕೊಡಬೇಕು. ಕಚ್ಚಿದ ಜಾಗದ ಸುತ್ತ ಚುಚ್ಚುವುದು ಬೇಡ, ರಕ್ತನಾಳಕ್ಕೇ ಹೋಗಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ.

ವಯಲ್ ಎಷ್ಟು ಎಂಬುದು ನಿಮ್ಮ ಪ್ರದೇಶದ ಔಷಧ ಮತ್ತು ಹಾವಿನ ಮೇಲೆ ನಿಂತಿದೆ. ನಿಮ್ಮ ವೈದ್ಯರಿಂದ ಲಿಖಿತ ಆದೇಶ ಮೊದಲೇ ಪಡೆದು ಗೋಡೆಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಫೋನ್ ಸಿಗದಿದ್ದಾಗ ಆ ಕಾಗದವೇ ನಿಮ್ಮ ಧೈರ್ಯ. ನಿಯೋಸ್ಟಿಗ್ಮಿನ್ ಮತ್ತು ಅಟ್ರೋಪಿನ್ ಎಂಬ ಜೋಡಿ ಚುಚ್ಚುಮದ್ದಿನ ಬಗ್ಗೆಯೂ ಅದರಲ್ಲಿ ಬರೆಸಿ. ನಾಗರಹಾವಿನ ಪಾರ್ಶ್ವವಾಯುವಿನಲ್ಲಿ ಅದು ಅರ್ಧ ಗಂಟೆಯೊಳಗೆ ರೆಪ್ಪೆ ಎತ್ತಿಸಬಲ್ಲದು. ಕಟ್ಟುಹಾವಿನಲ್ಲಿ ಬಹುತೇಕ ಕೆಲಸ ಮಾಡುವುದಿಲ್ಲ.

ಔಷಧ ಉಗ್ರಾಣ

ಸಿಸ್ಟರ್, ನಿಮ್ಮ ಹತ್ತು ವಯಲ್ ಪುಡಿಯೋ ದ್ರವವೋ ನೋಡಿ. ದ್ರವವಾದರೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಫ್ರೀಜರಿನಲ್ಲಿ ಗಟ್ಟಿಯಾಗಬಾರದು. ಪುಡಿಯಾದರೆ ಇಷ್ಟು ಕಟ್ಟುನಿಟ್ಟಿಲ್ಲ, ವಿದ್ಯುತ್ ನೆಚ್ಚಲಾಗದ ಕಡೆಗೆ ಅದೇ ವಾಸಿ. ಡಬ್ಬಿಯ ಮೇಲೆ ಬರೆದ ಗರಿಷ್ಠ ತಾಪಮಾನ ಮೀರದಂತೆ ನೋಡಿಕೊಂಡರಾಯಿತು. ಪುಡಿ ಕರಗಿಸುವಾಗ ವಯಲ್ಲನ್ನು ಗಡಗಡ ಅಲ್ಲಾಡಿಸಬೇಡಿ, ನೊರೆ ಬಂದು ಔಷಧ ಹಾಳಾಗುತ್ತದೆ. ಅಂಗೈ ನಡುವೆ ಮೆಲ್ಲಗೆ ಉರುಳಿಸಿ, ತಾಳ್ಮೆಯಿರಲಿ. ಕರಗಿದ ಮೇಲೂ ಕದಡಿದಂತಿದ್ದರೆ ಬಳಸಬೇಡಿ.

ಇನ್ನೊಂದು, ಡಬ್ಬಿಯ ಮೇಲೆ ಯಾವ ಹಾವುಗಳ ಹೆಸರಿದೆ ಎಂದು ಓದಿ. 1890ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ಪ್ರತಿವಿಷ ತಯಾರಿಸಿದಾಗ ಅದು ಎಲ್ಲ ಹಾವಿಗೂ ಆಗುತ್ತದೆಂದೇ ನಂಬಿದ್ದರು. ಬ್ರೆಜಿಲಿನ ವೈದ್ಯ ವಿಟಲ್ ಬ್ರೆಜಿಲ್ ತಮ್ಮ ದೇಶದ ಹಾವುಗಳಿಗೆ ಅದು ನಾಟುವುದಿಲ್ಲವೆಂದು ತೋರಿಸಿ, ಅಲ್ಲಿನ ಹಾವುಗಳದ್ದೇ ವಿಷದಿಂದ ಬೇರೆ ಪ್ರತಿವಿಷ ತಯಾರಿಸಿದರು. ನೂರಿಪ್ಪತ್ತು ವರ್ಷ ಕಳೆದರೂ ಇದನ್ನು ಮರೆತು, ಒಂದು ಖಂಡದ ಹಾವಿಗೆ ಇನ್ನೊಂದು ಖಂಡದ ಔಷಧ ಮಾರುವವರಿದ್ದಾರೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡ ಪ್ರತಿವಿಷದಿಂದ ಆಫ್ರಿಕಾದ ಕೆಲವೆಡೆ ಸಾವು ಹೆಚ್ಚಿದ ಉದಾಹರಣೆಗಳಿವೆ. ಆಫ್ರಿಕಾದ ಹತ್ತು ಹಾವುಗಳಿಗೆ ಆಗುತ್ತಿದ್ದ ಫಾವ್-ಆಫ್ರೀಕ್ ಎಂಬ ಒಳ್ಳೆಯ ಔಷಧವನ್ನು ಅದರ ಕಂಪನಿ ಲಾಭವಿಲ್ಲವೆಂದು 2014ರಲ್ಲಿ ನಿಲ್ಲಿಸಿತು. ಕೊನೆಯ ಬ್ಯಾಚಿನ ಬಳಕೆಯ ಅವಧಿ 2016ರಲ್ಲಿ ಮುಗಿಯಿತು. ಔಷಧ ಬೇಕಾದವರು ಬಡವರು, ದೂರದವರು. ಅವರ ಪರವಾಗಿ ಮಾರುಕಟ್ಟೆ ಮಾತಾಡುವುದಿಲ್ಲ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ, ಆದ್ದರಿಂದ ಉದ್ದವಾಯಿತು.

ನೋಡಿ ನಂಬುವವ

ಎಲ್ಲ ಸರಿ. ಆದರೆ ನಾಟಿ ವೈದ್ಯರ ಹತ್ತಿರ ಹೋಗಿ ಗುಣವಾದವರನ್ನು ನಾನೇ ನೋಡಿದ್ದೇನೆ, ಒಬ್ಬಿಬ್ಬರಲ್ಲ. ಬೇರು ಅರೆದು ಕುಡಿಸಿದರು, ಮರುದಿನ ಎದ್ದು ಕೆಲಸಕ್ಕೆ ಹೋದರು. ಇದನ್ನು ಹೇಗೆ ಅಲ್ಲಗಳೆಯುತ್ತೀರಿ?

ತುರ್ತು ವಿಭಾಗದ ವೈದ್ಯ

ನೀವು ನೋಡಿದ್ದನ್ನು ಅಲ್ಲಗಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ ಜಗತ್ತಿನಲ್ಲಿ 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ. ಅವರಲ್ಲಿ ವಿಷವೇರುವುದು 18ರಿಂದ 27 ಲಕ್ಷ ಮಂದಿಗೆ. ಅಂದರೆ ಕಡಿಮೆಯೆಂದರೂ ಅರ್ಧದಷ್ಟು ಜನ ಬೇರು ಕುಡಿದರೂ, ಬರೀ ನೀರು ಕುಡಿದರೂ ಮರುದಿನ ಎದ್ದು ಓಡಾಡುತ್ತಾರೆ. ಅವರು ಬಂದು ಕೈಮುಗಿದು ಹೇಳುತ್ತಾರೆ, ಹೆಸರು ಹರಡುತ್ತದೆ. ಉಳಿಯದವರು ಬಂದು ಹೇಳುವುದಿಲ್ಲ. ಅದೇ ಅಂದಾಜಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆ, ಅದರ ಸುಮಾರು ಮೂರರಷ್ಟು ಜನ ಅಂಗ ಕಳೆದುಕೊಂಡೋ ಶಾಶ್ವತ ಊನದೊಂದಿಗೋ ಬದುಕುತ್ತಾರೆ.

ದೂರದ ದಾದಿ

ನನ್ನ ಅನುಭವದ ಒಂದು ಮಾತು. ನಾಟಿ ವೈದ್ಯರನ್ನು ಬೈದು ನನಗೇನೂ ಲಾಭವಾಗಿಲ್ಲ. ನಮ್ಮ ಕಡೆ ಜನ ಮೊದಲು ಬಾಗಿಲು ತಟ್ಟುವುದು ಅವರದೇ, ರಾತ್ರಿ ಎಷ್ಟು ಹೊತ್ತಿಗಾದರೂ ಎದ್ದು ಬರುತ್ತಾರೆ. ಅವರಲ್ಲೊಬ್ಬರನ್ನು ಕೂರಿಸಿ ರೆಪ್ಪೆ ನೋಡುವುದು, ತಲೆ ಎತ್ತಿಸುವುದು ಹೇಳಿಕೊಡಬೇಕೆಂದು ಈಗ ಯೋಚಿಸುತ್ತಿದ್ದೇನೆ. 'ಇದು ಕಂಡರೆ ನಿಮ್ಮ ಕೈಮೀರಿದ್ದು, ನನಗೆ ಹೇಳಿಕಳಿಸಿ' ಎನ್ನುತ್ತೇನೆ. ಅವರಿಗೂ ತಮ್ಮ ಅಂಗಳದಲ್ಲಿ ಸಾವಾಗುವುದು ಬೇಡವಾಗಿರುತ್ತದೆ.

ಹಾವು ರಕ್ಷಕ

ಹಾವನ್ನು ಕೊಂದು ಚೀಲದಲ್ಲಿ ತರಬೇಡಿ, ಬೇಡಿಕೊಳ್ಳುತ್ತೇನೆ. ಹೊಡೆಯಲು ಹೋಗಿ ಎರಡನೆಯವರೂ ಕಚ್ಚಿಸಿಕೊಂಡು ಒಂದೇ ಗಾಡಿಯಲ್ಲಿ ಹೋದದ್ದನ್ನು ನೋಡಿದ್ದೇನೆ. ಕತ್ತರಿಸಿದ ತಲೆಯೂ ಬಹಳ ಹೊತ್ತು ಕಚ್ಚಬಲ್ಲದು. ದೂರದಿಂದ ಫೋನಿನಲ್ಲಿ ಒಂದು ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬಿಡಿ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ.

ಕಣ್ಣಿಗೆ ವಿಷ ಉಗುಳುವ ನಾಗರಹಾವುಗಳಿರುವ ಪ್ರದೇಶದವರಿಗೆ: ಕೂಡಲೇ ಧಾರಾಳ ನೀರಿನಿಂದ ಕಣ್ಣು ತೊಳೆಯುತ್ತಲೇ ಇರಿ. ಉಜ್ಜಬೇಡಿ. ಆಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ.

ಮತ್ತೆ ಆ ಹುಡುಗನ ವಿಷಯ ಓದಿ ಹೇಳಬೇಕೆನಿಸಿತು. ಕಟ್ಟುಹಾವಿನ ಕಡಿತಕ್ಕೆ ಸೊಳ್ಳೆಪರದೆ ದೊಡ್ಡ ರಕ್ಷಣೆ, ಅಂಚನ್ನು ಹಾಸಿಗೆಯಡಿಗೆ ಸುತ್ತಲೂ ಸಿಕ್ಕಿಸಿದರೆ. ಮಂಚವಿದ್ದರೆ ಇನ್ನೂ ಒಳ್ಳೆಯದು.

ರಾತ್ರಿ ಪಾಳಿ

ಗಾಡಿಯ ವಿಷಯ. ನೇಪಾಳದ ಆಗ್ನೇಯ ತಗ್ಗುನಾಡಿನಲ್ಲಿ ದಮಕ್ ಎಂಬ ಊರಿದೆ. ಅಲ್ಲಿನ ಹಾವು ಕಡಿತದ ಚಿಕಿತ್ಸಾ ಕೇಂದ್ರದವರು ಸುತ್ತಲ ಹಳ್ಳಿಗಳಲ್ಲಿ ಮೋಟರ್‌ಸೈಕಲ್ ಇರುವ ಸ್ವಯಂಸೇವಕರನ್ನು ಗೊತ್ತುಮಾಡಿದರು. ಮುಂದೆ ಸವಾರ, ನಡುವೆ ಕಚ್ಚಿಸಿಕೊಂಡವರು, ಹಿಂದೆ ಅವರನ್ನು ಹಿಡಿದುಕೊಂಡು ಇನ್ನೊಬ್ಬರು. ಜೊತೆಗೆ ಹಳ್ಳಿಗಳಲ್ಲಿ ತಿಳಿವಳಿಕೆ. ಆ ಹಳ್ಳಿಗಳಲ್ಲಿ ಕಚ್ಚಿಸಿಕೊಂಡವರಲ್ಲಿ ಸಾಯುವವರ ಪ್ರಮಾಣ ಶೇ. 10.5 ಇದ್ದದ್ದು ಶೇ. 0.5ಕ್ಕೆ ಇಳಿಯಿತು ಎಂದು 2013ರಲ್ಲಿ ಪ್ರಕಟವಾಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಗಾಡಿಗಾಗಿ ಕಾಯುವ ಹೊತ್ತು ಉಳಿಯಿತು, ಅಷ್ಟೇ. ನಾನು ಓದಿದ ದಿನ ನಮ್ಮ ಚಾಲಕರ ಗುಂಪಿನಲ್ಲಿ ಎಲ್ಲರಿಗೂ ಕಳಿಸಿದೆ.

ತುರ್ತು ವಿಭಾಗದ ವೈದ್ಯ

ಒಳ್ಳೆಯ ಉದಾಹರಣೆ ಅಣ್ಣ. ಒಂದೇ ಎಚ್ಚರಿಕೆ: ಆಗಲೇ ನುಂಗಲಾಗದಿರುವವರನ್ನು, ವಾಂತಿ ಮಾಡುತ್ತಿರುವವರನ್ನು ನಾಲ್ಕು ಗಂಟೆ ಬೈಕಿನಲ್ಲಿ ಒಯ್ಯಲಾಗುವುದಿಲ್ಲ. ಅವರು ಪಕ್ಕಕ್ಕೆ ತಿರುಗಿ ಮಲಗಿರಬೇಕು, ಎಂಜಲು ಹೊರಗೆ ಹರಿಯಬೇಕು. ಬೈಕ್ ಸಿಸ್ಟರ್ ಕೇಂದ್ರದವರೆಗೆ, ಅಲ್ಲಿಂದ ಮುಂದೆ ಆಂಬುಲೆನ್ಸ್.

ವಿಷವಿಜ್ಞಾನ ವಿದ್ಯಾರ್ಥಿ

ವರೆಸ್ಪ್ಲಾಡಿಬ್ ಎಂಬ ಔಷಧದ ಬಗ್ಗೆ ಹೇಳಲೇ? ಅನೇಕ ಹಾವುಗಳ ವಿಷದಲ್ಲಿರುವ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಬಾಯಿಯಿಂದ ನುಂಗಬಹುದಾದ ರೂಪವಿದೆ, ಮನುಷ್ಯರ ಮೇಲೆ ಪ್ರಯೋಗಗಳು ನಡೆದಿವೆ. ಕಚ್ಚಿದ ಜಾಗದಲ್ಲೇ ಒಂದು ಗುಳಿಗೆ ನುಂಗಿ ಹೊರಡುವಂತಾದರೆ ಇಲ್ಲಿ ಚರ್ಚೆಯಾಗುತ್ತಿರುವ ನಾಲ್ಕು ಗಂಟೆಯ ಲೆಕ್ಕವೇ ಬದಲಾಗುತ್ತದೆ. ಚಿಕಿತ್ಸೆಯಾಗಿ ಇನ್ನೂ ಕೈಗೆ ಬಂದಿಲ್ಲ, ಪ್ರತಿವಿಷದ ಬದಲಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ 2017ರಲ್ಲಿ ಸೇರಿಸಿದ ಮೇಲೆ, 2030ರೊಳಗೆ ಸಾವು ಮತ್ತು ಊನವನ್ನು ಅರ್ಧಕ್ಕಿಳಿಸುವ ಗುರಿಯನ್ನು 2019ರಲ್ಲಿ ಇಟ್ಟ ಮೇಲೆ, ಇಂಥ ಸಂಶೋಧನೆಗೆ ಹಣ ಸಿಗಲು ಶುರುವಾಗಿದೆ.

ದೂರದ ದಾದಿ (ಏಳು ವಾರದ ನಂತರ)

ಇಲ್ಲಿ ಬರೆದವರಿಗೆಲ್ಲ ವರದಿ ಒಪ್ಪಿಸಬೇಕೆನಿಸಿತು.

ಆಂಬು ಬ್ಯಾಗ್ ಎರಡು ಸೆಟ್ ಬಂದವು. ಗಾಜಿನ ಟ್ಯೂಬ್ ಒಂದು ಡಜನ್ ಬಂತು, ಬೇರೆ ಯಾವುದಕ್ಕೂ ಮುಟ್ಟಬಾರದೆಂದು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ನಮ್ಮ ವೈದ್ಯರು ಎರಡು ಪುಟದ ಆದೇಶ ಬರೆದು ಸಹಿ ಹಾಕಿದರು, ಗೋಡೆಯಲ್ಲಿದೆ. ಚಾಲಕನಿಗೂ, ಕೇಂದ್ರ ಸ್ವಚ್ಛ ಮಾಡುವ ಅಕ್ಕನಿಗೂ ಮಾಸ್ಕ್ ಹಿಡಿಯುವುದು ಕಲಿಸಿದೆ. ಆ ಅಕ್ಕನ ಕೈ ನನ್ನದಕ್ಕಿಂತ ಗಟ್ಟಿ.

ಹನ್ನೆರಡು ದಿನದ ಹಿಂದೆ ಸಂಜೆ ಒಬ್ಬರು ಬಂದರು. ಕಾಲಿಗೆ ಕಚ್ಚಿತ್ತು, ಊದುತ್ತಿತ್ತು. ಟ್ಯೂಬಿನ ರಕ್ತ 20 ನಿಮಿಷವಾದರೂ ನೀರಿನಂತಿತ್ತು, ಪಕ್ಕದಲ್ಲಿ ಇಟ್ಟಿದ್ದ ನನ್ನ ರಕ್ತ ಗಟ್ಟಿಯಾಗಿತ್ತು. ಅಡ್ರಿನಲಿನ್ ಸಿರಿಂಜ್ ತಲೆದೆಸೆಯಲ್ಲಿಟ್ಟು ಪ್ರತಿವಿಷ ಶುರುಮಾಡಿದೆ. ಕೈ ನಡುಗುತ್ತಿತ್ತು. ಹದಿನೈದನೇ ನಿಮಿಷಕ್ಕೆ ಮೈಯೆಲ್ಲ ದದ್ದೆದ್ದು ಉಸಿರು ಸುಯ್‌ಗುಟ್ಟಿತು. ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಕೊಟ್ಟೆ. ಹತ್ತು ನಿಮಿಷದಲ್ಲಿ ಸುಧಾರಿಸಿದರು, ಮತ್ತೆ ನಿಧಾನವಾಗಿ ಹಾಕಿದೆ. ಪೂರ್ತಿ ಕೊಟ್ಟು, ಸಮಯಗಳನ್ನೆಲ್ಲ ಚೀಟಿಯಲ್ಲಿ ಬರೆದು, ಈ ಸಲ ನಾನೇ ಗಾಡಿಯಲ್ಲಿ ಹೋದೆ. ಬ್ಯಾಗ್ ತೊಡೆಯ ಮೇಲೇ ಇತ್ತು, ಬೇಕಾಗಲಿಲ್ಲ. ಐದನೇ ದಿನ ಮನೆಗೆ ಬಂದರು.

ಇವತ್ತು ಅವರೇ ನಡೆದುಕೊಂಡು ಬಂದಿದ್ದರು. ಎರಡು ದಿನದಿಂದ ಜ್ವರ, ಮೈ ತುರಿಕೆ, ಮೊಣಕಾಲು ಮಣಿಕಟ್ಟು ನೋವಂತೆ. ಡಾಕ್ಟ್ರೇ, ಇದು ಪ್ರತಿವಿಷದ ತಡವಾದ ರಿಯಾಕ್ಷನ್ನೇ ಅಲ್ಲವೇ?

ತುರ್ತು ವಿಭಾಗದ ವೈದ್ಯ

ಅದೇ ಸಿಸ್ಟರ್, ಸೀರಮ್ ಸಿಕ್ನೆಸ್. ಸಾಮಾನ್ಯವಾಗಿ ಒಂದು ವಾರದ ಆಚೀಚೆ ಬರುತ್ತದೆ. ಅಲರ್ಜಿ ಮಾತ್ರೆ ಶುರುಮಾಡಿ, ಒಂದೆರಡು ದಿನದಲ್ಲಿ ಕಡಿಮೆಯಾಗದಿದ್ದರೆ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇಕಾಗುತ್ತದೆ, ನಿಮ್ಮ ವೈದ್ಯರಿಗೆ ಫೋನ್ ಮಾಡಿ ಡೋಸ್ ಕೇಳಿ. ಮೂತ್ರದ ಬಣ್ಣ, ಪ್ರಮಾಣ ಸರಿಯಿದೆಯೇ ಎಂದೂ ಇವತ್ತೇ ಕೇಳಿ ನೋಡಿ.

ದೂರದ ದಾದಿ

ಕೇಳಿದೆ, ಸರಿಯಿದೆ. ಮಾತ್ರೆ ಕೊಟ್ಟು ಕಳಿಸಿದ್ದೇನೆ. ನಾಳಿದ್ದು ಮತ್ತೆ ಬರಲು ಹೇಳಿದ್ದೇನೆ.